ಹಳೇ ಫೋಟೊದಲ್ಲಿರುವ ಉಗಿ ಇಂಜಿನ್ ಯಾವುದು, ಊರು ಯಾವುದು? ಗುರುತು ಹಿಡಿಯುವ ದಾರಿ

ನಮ್ಮ ತಾತ ರೈಲ್ವೆಯಲ್ಲಿ ಫೈರ್‌ಮನ್, ಅಂದರೆ ಉಗಿ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು ಆಗಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅತ್ತೆಯ ಟ್ರಂಕಿನಲ್ಲಿ ಒಂದು ಫೋಟೊ ಸಿಕ್ಕಿತು. ಅಂಗೈಯಷ್ಟು ದೊಡ್ಡದು. ಉಗಿ ಇಂಜಿನ್ನಿನ ಪಕ್ಕ ಐದು ಜನ ನಿಂತಿದ್ದಾರೆ, ಎಡದಿಂದ ಎರಡನೆಯವರು ತಾತ. ಹಿಂದೆ ನೀಲಿ ಬಾಲ್‌ಪೆನ್ನಿನಲ್ಲಿ 'ಬೀರೂರು, 1948' ಎಂದು ಬರೆದಿತ್ತು.

ಆ ಊರೂ ತಪ್ಪು, ಆ ವರ್ಷವೂ ತಪ್ಪು. ಅದು ಗೊತ್ತಾಗಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದ್ದೊಂದು ಫೋಟೊ ಇರಬಹುದು, ಅಲ್ವಾ? ಉದಾಹರಣೆಗಳೆಲ್ಲ ಹೆಚ್ಚಾಗಿ ನಮ್ಮ ಕಡೆಯ ರೈಲುಗಳದ್ದೇ. ನಮ್ಮವರ ಆಲ್ಬಂಗಳಲ್ಲಿ ಸಿಗುವುದು ಅವೇ.

ಮೊದಲು ಸ್ಕ್ಯಾನ್

ಫೋಟೊವನ್ನು ಪದೇಪದೇ ಕೈಯಲ್ಲಿ ಹಿಡಿಯಬೇಡಿ. ಒಮ್ಮೆ ಚೆನ್ನಾಗಿ ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ನೋಡಿ. ಚಿಕ್ಕ ಫೋಟೊ ಆದರೆ 1200 ಡಿಪಿಐ ಇಡಿ, ದೊಡ್ಡದಾದರೆ 600 ಸಾಕು. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಸೀಲು, ಪೆನ್ಸಿಲ್ ಗುರುತು, ಅಂಟಿನ ಕಲೆ ಎಲ್ಲವೂ ಬೇಕು. ಆಲ್ಬಮ್ಮಿನ ಕಪ್ಪು ಹಾಳೆಗೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯಲು ಹೋಗಬೇಡಿ. ಹಾಳೆ ಸಮೇತ ಸ್ಕ್ಯಾನ್ ಮಾಡಿ.

ಕತ್ತಲಾಗಿರುವ ಕಡೆ ಬೆಳಕು ಹೆಚ್ಚಿಸಿ, ಕಾಂಟ್ರಾಸ್ಟ್ ಬದಲಿಸಿ ನೋಡುವುದು ಸರಿ. ಆದರೆ ಮಸುಕಾದ ಫೋಟೊವನ್ನು ಸ್ಪಷ್ಟ ಮಾಡಿಕೊಡುವ ಎಐ ಆ್ಯಪ್‌ಗಳನ್ನು ಈ ಕೆಲಸಕ್ಕೆ ದಯವಿಟ್ಟು ಬಳಸಬೇಡಿ. ಅವು ಇಲ್ಲದ ಅಕ್ಷರ, ಇಲ್ಲದ ಅಂಕಿಗಳನ್ನು ತಾವೇ ಬರೆದುಬಿಡುತ್ತವೆ. 3 ಇದ್ದದ್ದು 8 ಆಗುತ್ತದೆ. ನೋಡಲು ಚೆಂದ ಇರುತ್ತದೆ, ಆದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ ಫೋಟೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಬಂದಿರುತ್ತದೆ. ಅಕ್ಷರ ಕಾಣುತ್ತಿದ್ದರೆ ಕೂಡಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಜನರನ್ನು ನೋಡಿ. ನಮ್ಮ ಕಡೆ ಹೆಂಗಸರ ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲೆ, ಗಂಡಸರ ಕೈಗಡಿಯಾರ ಎಡಗೈಯಲ್ಲಿ. ಎಲ್ಲರದ್ದೂ ಬಲಕ್ಕಿದ್ದರೆ ಫೋಟೊ ತಿರುಗಿದೆ ಎಂದೇ ಲೆಕ್ಕ. ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಮುಂದೆ ಬೆಟ್ಟ, ನೆರಳು, ತಿರುವು ಎಲ್ಲವೂ ದಾರಿ ತಪ್ಪಿಸುತ್ತವೆ.

ಹೆಸರು ಹುಡುಕುವ ಮೊದಲು ಗೇಜ್ ನೋಡಿ

ಹೊಸಬರು ಎಲ್ಲರೂ ಮಾಡುವ ಕೆಲಸ ಒಂದೇ. ಇಂಟರ್ನೆಟ್ಟಿನಲ್ಲಿ ಇಂಜಿನ್ ಚಿತ್ರಗಳನ್ನು ನೋಡುತ್ತಾ 'ಇದರ ಥರ ಇದೆ' ಎಂದು ಹೋಲಿಸುವುದು. ಹಾಗೆ ಶುರು ಮಾಡಿದರೆ ಎಲ್ಲ ಇಂಜಿನ್ನುಗಳೂ ಒಂದೇ ಥರ ಕಾಣುತ್ತವೆ. ಮೊದಲು 'ಇದು ಏನಲ್ಲ' ಎಂದು ತೀರ್ಮಾನ ಮಾಡಿ. ಅದಕ್ಕೆ ಗೇಜಿನಷ್ಟು ಒಳ್ಳೆಯ ಜರಡಿ ಬೇರೆ ಇಲ್ಲ.

ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮಲ್ಲಿ ಬ್ರಾಡ್ ಗೇಜ್ 1676 ಮಿ.ಮೀ., ಮೀಟರ್ ಗೇಜ್ 1000 ಮಿ.ಮೀ., ನ್ಯಾರೋ ಗೇಜಿನಲ್ಲಿ 762 ಮತ್ತು 610 ಮಿ.ಮೀ. ಎಂದು ಎರಡು ಬಗೆ. ಫೋಟೊದಲ್ಲಿ ಅಳತೆಪಟ್ಟಿ ಇಟ್ಟು ನೋಡಲು ಆಗುವುದಿಲ್ಲ, ಆದರೆ ಎರಡು ಉಪಾಯಗಳಿವೆ.

ಒಂದು, ಬಫರ್, ಅಂದರೆ ಗಾಡಿಗಳು ಒಂದಕ್ಕೊಂದು ತಾಗುವಾಗ ಹೊಡೆತ ತಡೆಯುವ ಭಾಗ. ಬ್ರಾಡ್ ಗೇಜ್ ಉಗಿ ಇಂಜಿನ್ನಿನ ಮುಂದೆ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಬಫರ್ ಇರುತ್ತದೆ, ನಡುವೆ ಕೊಂಡಿ. ಮೀಟರ್ ಗೇಜಿನಲ್ಲಿ ಹಾಗಲ್ಲ. ಸರಿಯಾಗಿ ನಡುಮಧ್ಯ ಒಂದೇ ಬಫರ್, ಅದರಲ್ಲೇ ಕೊಂಡಿ. ಇಂಜಿನ್ನಿನ ಮುಖ ಕಾಣುವ ಫೋಟೊದಲ್ಲಿ ಇದನ್ನು ನೋಡಲು ಐದು ಸೆಕೆಂಡ್ ಸಾಕು.

ಎರಡು, ಅಗಲದ ಲೆಕ್ಕ. ಗಾಡಿಯನ್ನು ಎದುರಿನಿಂದ ಅಥವಾ ಹಿಂದಿನಿಂದ ತೆಗೆದ ಫೋಟೊ ಇದ್ದರೆ ಬೋಗಿಯ ಅಗಲವನ್ನು ಹಳಿಯ ಅಂತರಕ್ಕೆ ಹೋಲಿಸಿ. ಬ್ರಾಡ್ ಗೇಜಿನಲ್ಲಿ ಬೋಗಿಯ ಅಗಲ ಹಳಿಯ ಅಂತರದ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ. ಮೀಟರ್ ಗೇಜಿನಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಅದಕ್ಕೇ ಮೀಟರ್ ಗೇಜ್ ಗಾಡಿ ಎದುರಿನಿಂದ ನೋಡಿದರೆ ಸಣ್ಣ ಪೀಠದ ಮೇಲೆ ದೊಡ್ಡ ಪೆಟ್ಟಿಗೆ ಇಟ್ಟ ಹಾಗೆ ಕಾಣುತ್ತದೆ. ಒಮ್ಮೆ ಕಣ್ಣಿಗೆ ರೂಢಿಯಾದರೆ ಅಳೆಯುವ ಅಗತ್ಯವೇ ಇಲ್ಲ.

ಗೇಜ್ ಗೊತ್ತಾದರೆ ಅರ್ಧ ಭೂಪಟ ಅಳಿಸಿಹೋಗುತ್ತದೆ. ಇವತ್ತು ಕರ್ನಾಟಕದ ಹಳಿಗಳೆಲ್ಲ ಹೆಚ್ಚುಕಡಿಮೆ ಬ್ರಾಡ್ ಗೇಜ್ ಆಗಿವೆ. ಆದರೆ ಉಗಿ ಇಂಜಿನ್ನಿನ ಕಾಲದಲ್ಲಿ ಹಾಗಿರಲಿಲ್ಲ. ಬೆಂಗಳೂರಿಗೆ ಮದ್ರಾಸಿನ ಕಡೆಯಿಂದ 1864ರಲ್ಲಿ ಬಂದದ್ದು ಬ್ರಾಡ್ ಗೇಜ್. ಅದು ಮೊದಲು ಕಂಟೋನ್ಮೆಂಟಿಗೆ ಬಂತು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ಪೂರ್ತಿಯಾದದ್ದು ಮೀಟರ್ ಗೇಜ್. ಅದು ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ತುಮಕೂರು, ಅರಸೀಕೆರೆ, ಬೀರೂರು, ಶಿವಮೊಗ್ಗ, ಹಾಸನ, ದಾವಣಗೆರೆ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ವಿಜಯಪುರ, ಬೆಳಗಾವಿ, ಲೋಂಡಾ ಇವೆಲ್ಲ ಮೀಟರ್ ಗೇಜಿನ ಊರುಗಳು. ರಾಯಚೂರು, ವಾಡಿ, ಕಲಬುರಗಿ ಮುಂಬೈ–ಮದ್ರಾಸ್ ದಾರಿಯ ಬ್ರಾಡ್ ಗೇಜ್. ಮಂಗಳೂರಿಗೆ 1907ರಲ್ಲಿ ಕೇರಳದ ಕಡೆಯಿಂದ ಬಂದದ್ದೂ ಬ್ರಾಡ್ ಗೇಜೇ. ಬಂಗಾರಪೇಟೆಯಿಂದ ಕೋಲಾರಕ್ಕೆ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 762 ಮಿ.ಮೀ. ಸಣ್ಣ ಗಾಡಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಅದಕ್ಕಿಂತ ಸಣ್ಣದು, 610 ಮಿ.ಮೀ.

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. 'ಇದು ದಾವಣಗೆರೆ, 1955' ಎನ್ನುವ ಫೋಟೊದಲ್ಲಿ ಇಂಜಿನ್ನಿಗೆ ಎರಡು ಬಫರ್ ಇದ್ದರೆ ಅದು ದಾವಣಗೆರೆ ಅಲ್ಲ. ಅಷ್ಟು ಸಲೀಸು. ಹಾಗೆಯೇ ಹಳಿಯೇ ಇಲ್ಲದ ಕಾಲವನ್ನೂ ನೆನಪಿಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಗೆ ರೈಲು ಬಂದದ್ದು 1970ರ ದಶಕದ ಕೊನೆಯಲ್ಲಿ. ಕಾರವಾರ, ಹೊನ್ನಾವರ, ಉಡುಪಿಗೆ ಬಂದದ್ದು ಕೊಂಕಣ ರೈಲ್ವೆಯ ಜೊತೆಗೆ, 1990ರ ದಶಕದಲ್ಲಿ. ಎಡಕುಮೇರಿ ಇರುವುದು ಆ ಸಕಲೇಶಪುರ ಘಾಟಿಯಲ್ಲಿ. 'ಎಡಕುಮೇರಿ, 1960' ಎಂದು ಬರೆದ ಫೋಟೊ ಎಷ್ಟೇ ಚೆನ್ನಾಗಿರಲಿ, ಅದು ಬೇರೆ ಯಾವುದೋ ಘಾಟಿಯದು.

ನಮ್ಮ ತಾತನ ಫೋಟೊದಲ್ಲಿ ನಡುವೆ ಒಂದೇ ಬಫರ್ ಇತ್ತು. ಮೀಟರ್ ಗೇಜ್. ಬೀರೂರಿಗೆ ಹೊಂದುತ್ತದೆ. ಅಲ್ಲಿಯವರೆಗೆ ನನಗೆ ಏನೂ ಅನುಮಾನ ಬಂದಿರಲಿಲ್ಲ.

ಚಕ್ರ ಎಣಿಸಿ

ಉಗಿ ಇಂಜಿನ್ನಿನ ಜಾತಿ ಹೇಳುವುದು ಚಕ್ರಗಳು. ಮೂರು ಗುಂಪಾಗಿ ಎಣಿಸಬೇಕು: ಮುಂದಿನ ಸಣ್ಣ ಚಕ್ರಗಳು, ನಡುವಿನ ದೊಡ್ಡ ಚಕ್ರಗಳು, ಡ್ರೈವರ್ ನಿಲ್ಲುವ ಜಾಗದ ಕೆಳಗಿನ ಸಣ್ಣ ಚಕ್ರಗಳು. ನಡುವಿನ ದೊಡ್ಡ ಚಕ್ರಗಳನ್ನು ಉದ್ದನೆಯ ಕಬ್ಬಿಣದ ರಾಡ್ ಒಂದಕ್ಕೊಂದು ಜೋಡಿಸಿರುತ್ತದೆ. ನಮಗೆ ಕಾಣುವುದು ಒಂದೇ ಬದಿ. ಅದನ್ನು ಎರಡರಿಂದ ಗುಣಿಸಿ ಬರೆಯುವುದು ವಾಡಿಕೆ. ಒಂದು ಬದಿಯಲ್ಲಿ 2, 3, 1 ಕಂಡರೆ ಅದು 4-6-2. ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಇರುತ್ತದಲ್ಲ, ಅದರ ಚಕ್ರ ಲೆಕ್ಕಕ್ಕಿಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಟೆಂಡರ್ ಇಲ್ಲದೆ ನೀರು, ಕಲ್ಲಿದ್ದಲು ಎರಡನ್ನೂ ಇಂಜಿನ್ನೇ ಹೊತ್ತಿದ್ದರೆ ಅದು ಟ್ಯಾಂಕ್ ಇಂಜಿನ್.

ಓರೆಯಾಗಿ ತೆಗೆದ ಫೋಟೊದಲ್ಲಿ ಹಿಂದಿನ ಸಣ್ಣ ಚಕ್ರ ಮರೆಯಾಗಿರುತ್ತದೆ. ನಿಂತವರ ಕಾಲುಗಳ ಸಂದಿಯಲ್ಲೂ ಹುಡುಕಿ. ಸಿಗದಿದ್ದರೆ 'ಇಲ್ಲ' ಎಂದು ಬರೆಯಬೇಡಿ, 'ಕಾಣುತ್ತಿಲ್ಲ' ಎಂದು ಬರೆಯಿರಿ.

ಸ್ವಾತಂತ್ರ್ಯದ ನಂತರ ನಮ್ಮ ದೇಶದಲ್ಲಿ ಅತಿ ಹೆಚ್ಚು ಓಡಿದ್ದು ನಾಲ್ಕು ಬಗೆ. ಅವುಗಳ ಹೆಸರಿನ ಮೊದಲ ಅಕ್ಷರವೇ ಗೇಜ್ ಹೇಳುತ್ತದೆ. ಡಬ್ಲ್ಯೂ ಅಂದರೆ ಬ್ರಾಡ್, ವೈ ಅಂದರೆ ಮೀಟರ್, ಝಡ್ ಅಂದರೆ 762 ಮಿ.ಮೀ. ನ್ಯಾರೋ. ಎರಡನೆಯ ಅಕ್ಷರ ಪಿ ಇದ್ದರೆ ಪ್ಯಾಸೆಂಜರ್, ಜಿ ಇದ್ದರೆ ಗೂಡ್ಸ್.

ಡಬ್ಲ್ಯೂಪಿಯನ್ನು ಮಗುವೂ ಗುರುತಿಸುತ್ತದೆ. ಮೂತಿ ಬುಲೆಟ್ಟಿನ ಹಾಗೆ ಚೂಪಾಗಿ ಮುಂದಕ್ಕೆ ಬಂದಿರುತ್ತದೆ, ಅದರ ಮೇಲೆ ನಕ್ಷತ್ರ. 4-6-2. ಮೊದಲ ಹದಿನಾರು ಅಮೆರಿಕದ ಬಾಲ್ಡ್ವಿನ್ ಕಾರ್ಖಾನೆಯಿಂದ 1947ರಲ್ಲಿ ಬಂದವು. ಡಬ್ಲ್ಯೂಜಿ ಅದರ ಗೂಡ್ಸ್ ಜೋಡಿ, 2-8-2, ಮೂತಿ ಚಪ್ಪಟೆ, 1950ರಿಂದ. ಮೀಟರ್ ಗೇಜಿನಲ್ಲಿ ವೈಪಿ 4-6-2, ವೈಜಿ 2-8-2, ಎರಡೂ 1949ರಿಂದ. ವೈಪಿ ಮತ್ತು ವೈಜಿ ದೂರದಿಂದ ಅಣ್ಣತಮ್ಮಂದಿರ ಹಾಗೆ. ಅವನ್ನು ಬೇರೆ ಮಾಡುವುದು ಚಕ್ರವೇ. ವೈಪಿಯ ದೊಡ್ಡ ಚಕ್ರದ ಎತ್ತರ 1372 ಮಿ.ಮೀ., ವೈಜಿಯದು 1219. ಡಬ್ಲ್ಯೂಪಿಯ ಚಕ್ರವಂತೂ 1705 ಮಿ.ಮೀ., ಅಂದರೆ ಒಬ್ಬ ಆಳಿನ ಎತ್ತರ. ಪಕ್ಕದಲ್ಲಿ ಮನುಷ್ಯರು ನಿಂತಿದ್ದರೆ ಅವರನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಅವರು ನಿಂತಿರುವುದು ಹಳಿಗಿಂತ ತಗ್ಗಿನಲ್ಲಿ ಎನ್ನುವುದನ್ನು ಮಾತ್ರ ಮರೆಯಬೇಡಿ.

ನಂಬರಿನ ಒಂದೆರಡು ಅಂಕಿ ಕಂಡರೂ ದೊಡ್ಡ ಲಾಭ. ಡಬ್ಲ್ಯೂಪಿಗಳು 7000ದಿಂದ 7754ರವರೆಗೆ. ವೈಪಿಗಳು 2000ದಿಂದ 2870ರವರೆಗೆ. ವೈಜಿಗಳು 3000 ಮತ್ತು 4000ದ ಸಾಲಿನಲ್ಲಿ. ಡಬ್ಲ್ಯೂಜಿಗಳು 8000ದ ಸಾಲಿನಿಂದ ಹತ್ತು ಸಾವಿರ ದಾಟುತ್ತವೆ. ಕೊನೆಯ ಡಬ್ಲ್ಯೂಜಿ 10560, ಚಿತ್ತರಂಜನ್ ಕಾರ್ಖಾನೆಯಿಂದ 1970ರಲ್ಲಿ ಹೊರಬಂತು. ಅದಕ್ಕೆ 'ಅಂತಿಮ ಸಿತಾರಾ' ಎಂದು ಹೆಸರಿಟ್ಟಿದ್ದರು.

ನಮ್ಮ ಫೋಟೊದಲ್ಲಿ ಒಂದು ಬದಿಗೆ ಎರಡು ಸಣ್ಣ ಚಕ್ರ, ಮೂರು ದೊಡ್ಡವು ಸ್ಪಷ್ಟ. ನಂಬರಿನಲ್ಲಿ 2, 3 ಆದಮೇಲೆ ಎರಡು ಅಂಕಿ ಮಸುಕು. ವೈಪಿ ಎನ್ನಲು ಅಷ್ಟು ಸಾಕಿತ್ತು. ಮತ್ತೆ ನೆನಪಿಸಿಕೊಳ್ಳಿ, ವೈಪಿ ಹುಟ್ಟಿದ್ದೇ 1949ರಲ್ಲಿ. 1948ರ ಫೋಟೊದಲ್ಲಿ ಅದು ಇರಲು ಹೇಗೆ ಸಾಧ್ಯ? ಆಗ ನಾನು ಹಿಂದಿನ ಬರಹವನ್ನು ಇನ್ನೊಮ್ಮೆ ನೋಡಿದೆ. ಬಾಲ್‌ಪೆನ್. ತಾತನ ಹಳೆಯ ಕಾಗದಗಳೆಲ್ಲ ಮಸಿ ಪೆನ್ನಿನಲ್ಲಿವೆ. ಅತ್ತೆಯನ್ನು ಕೇಳಿದೆ. 'ನಾನೇ ಕಣೋ ಬರೆದದ್ದು, ಅಪ್ಪ ಹೋದ ಮೇಲೆ, ನೆನಪಿದ್ದಷ್ಟು' ಎಂದರು.

ಇನ್ನೂ ಹಳೆಯ ಇಂಜಿನ್ ಆದರೆ

ಸ್ವಾತಂತ್ರ್ಯಕ್ಕೆ ಮೊದಲಿನದು ಕಷ್ಟ. ಆಗ ಒಂದೊಂದು ರೈಲ್ವೆ ಕಂಪನಿಗೂ ಅದರದೇ ಹೆಸರು, ಅದರದೇ ನಂಬರು. 1920ರ ದಶಕದಲ್ಲಿ ಬ್ರಾಡ್ ಗೇಜಿಗೆ ಎಕ್ಸ್‌ಎ, ಎಕ್ಸ್‌ಬಿ, ಎಕ್ಸ್‌ಸಿ, ಮೀಟರ್ ಗೇಜಿಗೆ ವೈಬಿ, ವೈಡಿ ಮುಂತಾದ ಮಾದರಿಗಳು ಬಂದ ಮೇಲೆ ಸ್ವಲ್ಪ ಹೊಂದಿಕೆ ಬಂತು. ಮಾದರಿ ಯಾವುದೆಂದು ಹಿಡಿಯಲಾಗದಿದ್ದರೂ ತಲೆಮಾರು ಹಿಡಿಯಬಹುದು. ಚಿಮಣಿ ನೋಡಿ. ಸೇತುವೆ, ಸುರಂಗಗಳ ಅಡಿ ನುಸುಳಬೇಕಾದ್ದರಿಂದ ಇಂಜಿನ್ನಿನ ಒಟ್ಟು ಎತ್ತರಕ್ಕೆ ಮಿತಿ ಇದೆ. ಕಾಲ ಕಳೆದಂತೆ ಬಾಯ್ಲರ್ ದಪ್ಪವಾಯಿತು, ಮೇಲೆ ಉಳಿದ ಜಾಗ ಕಡಿಮೆಯಾಯಿತು, ಚಿಮಣಿ ಗಿಡ್ಡವಾಯಿತು. ಹಾಗಾಗಿ ತೆಳ್ಳನೆ ಬಾಯ್ಲರ್ ಮೇಲೆ ಉದ್ದನೆಯ ಚಿಮಣಿ, ಎತ್ತರದ ಡೋಮ್ (ಬಾಯ್ಲರ್ ಮೇಲಿನ ಗುಮ್ಮಟದಂಥ ಉಬ್ಬು) ಇದ್ದರೆ ಅದು ಹಳೆಯ ತಲೆಮಾರು. ದಪ್ಪ ಬಾಯ್ಲರ್ ಮೇಲೆ ಬಟ್ಟಲು ಮಗುಚಿದ ಹಾಗೆ ಗಿಡ್ಡ ಚಿಮಣಿ ಇದ್ದರೆ ಹೊಸದು. ಬಾಯ್ಲರ್ ಪಕ್ಕದ ನಡೆಹಲಗೆ ಚಕ್ರಗಳ ಮಟ್ಟದಲ್ಲಿದ್ದರೆ ಹಳೆಯದಿರಬಹುದು. ಎರಡನೇ ಮಹಾಯುದ್ಧದ ನಂತರದ ಇಂಜಿನ್ನುಗಳಲ್ಲಿ ಅದು ಚಕ್ರಗಳಿಗಿಂತ ಸಾಕಷ್ಟು ಮೇಲಕ್ಕೆ ಹೋಯಿತು.

ತಯಾರಕರ ಫಲಕ ಇಂಜಿನ್ನಿನ ಬದಿಯಲ್ಲಿ ಹಿತ್ತಾಳೆಯಲ್ಲೋ ಎರಕದಲ್ಲೋ ಇರುತ್ತದೆ. ಓದಲಾಗದಿದ್ದರೂ ಆಕಾರ ನೋಡಿ. ಇಸ್ಪೀಟಿನ ಡೈಮಂಡ್ ಹಾಗೆ ನಾಲ್ಕು ಮೂಲೆಯ ಫಲಕ ಕಂಡರೆ ಗ್ಲಾಸ್ಗೋದ ಡೂಬ್ಸ್ ಅಥವಾ 1903ರಲ್ಲಿ ಅದನ್ನೂ ಸೇರಿಸಿಕೊಂಡು ಹುಟ್ಟಿದ ನಾರ್ತ್ ಬ್ರಿಟಿಷ್ ಕಂಪನಿಯ ಕಡೆಗೆ ಮೊದಲು ಹುಡುಕಿ.

ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿ. 1979ರಿಂದ ಇದೆ. ಅಲ್ಲಿ ಇಎಸ್ ಎಂಬ 4-6-2 ಇಂಜಿನ್ ನಿಂತಿದೆ. ಸುತ್ತಲೂ ನಡೆದು ಚಕ್ರ ಎಣಿಸಿ, ಬಫರ್ ಮುಟ್ಟಿ ನೋಡಿ, ಓರೆಯಿಂದ ಫೋಟೊ ತೆಗೆದು ಯಾವ ಚಕ್ರ ಮರೆಯಾಗುತ್ತದೆ ಎಂದು ಮನೆಯಲ್ಲಿ ಪರೀಕ್ಷಿಸಿ. ಒಂದು ದಿನದಲ್ಲಿ ಕಲಿಯುವುದು ಹತ್ತು ಲೇಖನ ಓದಿದರೂ ಬರುವುದಿಲ್ಲ.

ಊಟಿ ಗಾಡಿಯ ಫೋಟೊ ನಮ್ಮವರ ಮನೆಗಳಲ್ಲಿ ಬಹಳ. ಅದೂ ಮೀಟರ್ ಗೇಜೇ. ಇಂಜಿನ್ ಸ್ವಿಟ್ಜರ್ಲೆಂಡಿನ ಎಕ್ಸ್ ಮಾದರಿ, 0-8-2 ಟ್ಯಾಂಕ್. ಬದಿಯಲ್ಲಿ ಸಿಲಿಂಡರ್ ಒಂದರ ಮೇಲೊಂದು ಎರಡಿರುತ್ತವೆ, ಗಾಡಿಯನ್ನು ಕೆಳಗಿನಿಂದ ತಳ್ಳುತ್ತದೆ. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಕಂಡರೆ ಅದು ಕಲ್ಲಾರು ಮತ್ತು ಕೂನೂರಿನ ನಡುವಿನ ಜಾಗ. ಕೂನೂರಿನಿಂದ ಊಟಿವರೆಗೆ ಆ ಪಟ್ಟಿ ಇಲ್ಲ.

ಊರು ಹುಡುಕುವುದು

ಸ್ಟೇಷನ್ನಿನ ಹೆಸರಿನ ಬೋರ್ಡು ಪೂರ್ತಿ ಕಂಡರೆ ಕೆಲಸ ಮುಗಿಯಿತು. ಆದರೆ ಫೋಟೊದಲ್ಲಿ ಬೋರ್ಡಿಗೆ ಯಾವಾಗಲೂ ಯಾರೋ ಅಡ್ಡ ನಿಂತಿರುತ್ತಾರೆ. ನಮ್ಮದರಲ್ಲೂ ಹಾಗೆಯೇ. ಬೋರ್ಡಿನ ಬಲ ತುದಿ ಮಾತ್ರ ಕಾಣುತ್ತಿತ್ತು. ಇಂಗ್ಲಿಷಿನ ಕೊನೆಯ ನಾಲ್ಕು ಅಕ್ಷರ, ಕನ್ನಡದಲ್ಲಿ 'ಕೆರೆ'. ಹಾಗಾದರೆ ಬೀರೂರು ಅಲ್ಲವೇ ಅಲ್ಲ. ಬೀರೂರಿನ ಆಸುಪಾಸಿನಲ್ಲಿ 'ಕೆರೆ' ಎಂದು ಮುಗಿಯುವ ದೊಡ್ಡ ಸ್ಟೇಷನ್ ಎರಡು: ಅರಸೀಕೆರೆ, ತರೀಕೆರೆ. ಎರಡೂ ಮೀಟರ್ ಗೇಜ್. ಇಂಗ್ಲಿಷಿನಲ್ಲಿ ಬರೆದರೆ ಎರಡರ ಕೊನೆಯ ಐದು ಅಕ್ಷರವೂ ಒಂದೇ. ಕನ್ನಡದಲ್ಲಾದರೆ 'ಕೆರೆ'ಯ ಹಿಂದೆ 'ಸೀ' ಇದೆಯಾ 'ರೀ' ಇದೆಯಾ ಎನ್ನುವುದರ ಮೇಲೆ ನಿಂತಿದೆ. ಅಲ್ಲಿ ಸರಿಯಾಗಿ ಒಬ್ಬರ ಪೇಟ ಅಡ್ಡ ಬಂದಿತ್ತು.

ಇಂಥ ಹೊತ್ತಿನಲ್ಲಿ ಇಂಜಿನ್ ಬಿಟ್ಟು ಫೋಟೊದ ಅಂಚುಗಳನ್ನು ನೋಡಬೇಕು. ಫೋಟೊ ತೆಗೆದವರು ನಡುವಿನದನ್ನು ನೋಡಿ ತೆಗೆದಿರುತ್ತಾರೆ. ಅಂಚಿನಲ್ಲಿ ಏನು ಬಂದಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಊರಿನ ಗುರುತು ಹೆಚ್ಚಾಗಿ ಸಿಗುವುದು ಅಲ್ಲೇ. ನೀರಿನ ಟ್ಯಾಂಕ್, ನೀರು ತುಂಬುವ ಕಂಬ, ಕೈಮರ (ಸಿಗ್ನಲ್), ಓವರ್‌ಬ್ರಿಡ್ಜ್, ಹಿಂದಿನ ಬೆಟ್ಟದ ಗೆರೆ, ಗೋಪುರ, ಕಾರ್ಖಾನೆಯ ಹೊಗೆಗೊಳವೆ, ಒಂದೊಂದನ್ನೂ ಹೆಸರಿಸಿ ಬರೆದುಕೊಳ್ಳಿ.

ಕೆಲವು ಗುರುತುಗಳು ಎಷ್ಟು ಗಟ್ಟಿ ಎಂದರೆ ಬೇರೇನೂ ಬೇಡ. ದಿಗಂತದಲ್ಲಿ ಗೋಳಗುಮ್ಮಟ ಕಂಡರೆ ವಿಜಯಪುರ. ಗಣಿಯ ಬಾವಿಗಳ ಮೇಲಿನ ಎತ್ತರದ ಕಬ್ಬಿಣದ ಚೌಕಟ್ಟು, ಅದರ ತುದಿಯಲ್ಲಿ ಗಾಲಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಕಂಡು ಹಳಿ ಬ್ರಾಡ್ ಗೇಜ್ ಆಗಿದ್ದರೆ ಕೆಜಿಎಫ್ ಕಡೆಯ ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಸ್ಟೇಷನ್ನುಗಳನ್ನು ನೋಡಿ. ದೊಡ್ಡ ದೊಡ್ಡ ಬಂಡೆಬೆಟ್ಟ ಇದ್ದು ಮೀಟರ್ ಗೇಜ್ ಆದರೆ ರಾಮನಗರವನ್ನು ಮೊದಲು ಪರೀಕ್ಷಿಸಿ. ಜಲಪಾತದ ನಡುವೆ ಹಾದುಹೋಗುವ ಕಮಾನು ಸೇತುವೆ ದೂಧ್‌ಸಾಗರ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಹಳಿಯ ಪಕ್ಕದಲ್ಲೇ ಇತ್ತು. ಜೋಡಿ ಹಳಿ ಹಾಕಲು 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಬೇರೆ ಕಡೆ ಇಟ್ಟರು. ಆದ್ದರಿಂದ ಅಲ್ಲಿಯ ಹಳೆಯ ಫೋಟೊವನ್ನು ಇವತ್ತಿನ ಜಾಗದ ಜೊತೆ ಹೋಲಿಸಿದರೆ ಹೊಂದುವುದಿಲ್ಲ. ಇಂಥದ್ದನ್ನು ತಿಳಿದಿರಬೇಕು.

ಹಳೆಯ ಹೆಸರುಗಳ ಗೊಂದಲ ಬೇರೆ. ಕ್ಲೋಸ್‌ಪೇಟೆ ಅಂದರೆ ರಾಮನಗರ. ಬೌರಿಂಗ್‌ಪೇಟೆ ಅಂದರೆ ಬಂಗಾರಪೇಟೆ. 'ಫ್ರೆಂಚ್ ರಾಕ್ಸ್' ಎಂದು ಬರೆದ ಫೋಟೊವನ್ನು ಫ್ರಾನ್ಸಿನಲ್ಲಿ ಹುಡುಕಬೇಡಿ, ಅದು ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ ಆ ಹೆಸರು.

ನೆರಳಿನಿಂದ ಹಳಿಯ ದಿಕ್ಕು ಗೊತ್ತಾಗುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಹೆಚ್ಚು ಕಾಲ ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಬೆಂಗಳೂರಿನ ಮಟ್ಟದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಉಲ್ಟಾ. ಇದನ್ನು ಉಪಗ್ರಹ ನಕ್ಷೆಯ ಜೊತೆ ಇಟ್ಟು ನೋಡಿದರೆ ಒಂದೆರಡು ಸ್ಟೇಷನ್ನುಗಳನ್ನಾದರೂ ಹೊಡೆದುಹಾಕಬಹುದು. ನಮ್ಮ ಫೋಟೊಗೆ ಇದು ನೆರವಾಗಲಿಲ್ಲ. ಅರಸೀಕೆರೆಯಲ್ಲೂ ತರೀಕೆರೆಯಲ್ಲೂ ಹಳಿ ಸುಮಾರಾಗಿ ವಾಯುವ್ಯಕ್ಕೇ ಹೋಗುತ್ತದೆ.

ಹಳಬರನ್ನು ಕೇಳಿ, ಆದರೆ ಕೇಳುವ ಕ್ರಮ ಇದೆ

ನಿವೃತ್ತ ಡ್ರೈವರು, ಫಿಟ್ಟರು, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಉಗಿ ಇಂಜಿನ್ ಓಡಿಸಿದವರಿಗೆ ಈಗ ತುಂಬಾ ವಯಸ್ಸು. ಈ ಕೆಲಸವನ್ನು ಮುಂದಿನ ರಜೆಗೆ ಎಂದು ಮುಂದೂಡಬೇಡಿ. ನಾನು ಇಬ್ಬರ ವಿಷಯದಲ್ಲಿ ಮುಂದೂಡಿದೆ, ಆಮೇಲೆ ಅವರು ಸಿಗಲಿಲ್ಲ.

ಫೋಟೊ ತೋರಿಸಿ 'ಇದು ಅರಸೀಕೆರೆ ಅಲ್ವಾ ಅಜ್ಜ?' ಎಂದು ಕೇಳಬೇಡಿ. ನಿಮ್ಮ ಮನಸ್ಸು ನೋಯಿಸಬಾರದೆಂದು 'ಹೌದು' ಎಂದುಬಿಡುತ್ತಾರೆ. ಹಿಂದಿನ ಬರಹ ಕಾಣದ ಹಾಗೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಕೈಗೆ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಅವರು ಮೊದಲು ಜನರನ್ನು ನೋಡುತ್ತಾರೆ, ಆಮೇಲೆ ಇಂಜಿನ್, ಆಮೇಲೆ ಹಳಿ. ಹೇಳುವುದನ್ನೆಲ್ಲ ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ.

ನಾನು ಭದ್ರಾವತಿಯಲ್ಲಿ ಒಬ್ಬ ಹಿರಿಯರ ಬಳಿ ಹೋಗಿದ್ದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳನ್ನು ಫೋಟೊದ ಎಡ ಮೂಲೆಗೆ ತಂದರು. ಅಲ್ಲಿ ಹುಲ್ಲಿನ ನಡುವೆ ಎರಡು ತೆಳು ಗೆರೆ, ಅದರ ಮೇಲೊಂದು ಗಿಡ್ಡ ವ್ಯಾಗನ್ನಿನ ತುದಿ. ನಾನು ಅದನ್ನು ತಳ್ಳುಗಾಡಿ ಅಂದುಕೊಂಡಿದ್ದೆ.

'ಈ ಸಣ್ಣ ಹಳಿ ನೋಡಿದ್ಯಾ ಮಾರಾಯ? ಇದು ಎನ್.ಆರ್. ಪುರದ ಗಾಡಿದು.'

610 ಮಿ.ಮೀ. ಹಳಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ, ಅಂದರೆ ಎನ್.ಆರ್. ಪುರಕ್ಕೆ, ಹೋಗುತ್ತಿದ್ದದ್ದು ಅದೇ. ಅರಸೀಕೆರೆಯಲ್ಲಿ ಅದು ಇರಲಿಲ್ಲ. ಅಲ್ಲಿಗೆ ತರೀಕೆರೆ ಎಂದು ಇತ್ಯರ್ಥವಾಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ತರೀಕೆರೆ ಇದೆ. ತಾತನ ಕ್ವಾರ್ಟರ್ಸ್ ಇದ್ದದ್ದು ಬೀರೂರಿನಲ್ಲಿ. ಅತ್ತೆ ಬರೆದದ್ದು ಮನೆ ಇದ್ದ ಊರನ್ನು. ಬಹಳಷ್ಟು ಮನೆಗಳ ಫೋಟೊಗಳಲ್ಲಿ ಹೀಗೇ ಆಗಿರುತ್ತದೆ, ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ.

ವರ್ಷಕ್ಕೆ ಎರಡು ತುದಿ ಹಾಕಿ

ಒಂದೇ ವರ್ಷ ಹೇಳುವ ಆಸೆ ಬಿಡಿ. 'ಇದಕ್ಕಿಂತ ಮೊದಲಲ್ಲ' ಎನ್ನುವ ತುದಿ ಒಂದು, 'ಇದಾದ ಮೇಲಲ್ಲ' ಎನ್ನುವ ತುದಿ ಒಂದು. ಮೊದಲ ತುದಿ ಹಾಕುವುದು ಸುಲಭ. ಫೋಟೊದಲ್ಲಿ ಇರುವ ಎಲ್ಲಕ್ಕಿಂತ ಹೊಸ ವಸ್ತು ಯಾವುದೋ ಅದೇ ಹೇಳುತ್ತದೆ. ಹಳೆಯ ವಸ್ತುಗಳನ್ನು ನಂಬಬೇಡಿ. ಮೈಸೂರು ಸಂಸ್ಥಾನದ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಕೂಡ ಅವತ್ತೇ ಸೇರಿದವು. ಹಾಗೆಂದು ಮಾರನೇ ದಿನ ಎಲ್ಲ ವ್ಯಾಗನ್ನಿಗೂ ಹೊಸ ಬಣ್ಣ ಹೊಡೆಯುತ್ತಾರೆಯೇ? ಹಳೆಯ ಅಕ್ಷರ ಎಷ್ಟೋ ಕಾಲ ಉಳಿದಿರುತ್ತದೆ. ದಕ್ಷಿಣ ರೈಲ್ವೆಯ ಅಕ್ಷರ ಕಂಡರೆ ಮಾತ್ರ 1951ರ ನಂತರದ್ದು ಎಂದು ಖಚಿತವಾಗಿ ಹೇಳಬಹುದು.

ಬೋರ್ಡಿನಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಅದು ಅಡಿಯಲ್ಲಿದ್ದರೆ ಸಾಮಾನ್ಯವಾಗಿ ಮೆಟ್ರಿಕ್ ಅಳತೆ ರೂಢಿಗೆ ಬರುವ ಮೊದಲಿನದು, ಅಂದರೆ ಹೆಚ್ಚುಕಡಿಮೆ 1960ರ ಆಸುಪಾಸಿನವರೆಗೆ. ಮೀಟರಿನಲ್ಲಿದ್ದರೆ ಆಮೇಲಿನದು. ಬೋಗಿಯ ಮೇಲೆ ಮೂರನೇ ದರ್ಜೆಯ ಗುರುತು ಇದ್ದರೆ 1974ಕ್ಕಿಂತ ಮೊದಲು ಎಂದು ಹಿಡಿಯಬಹುದು, ಆ ವರ್ಷ ಮೂರನೇ ದರ್ಜೆ ಹೋಯಿತು. ಮದ್ರಾಸಿನ ಪೆರಂಬೂರಿನ ಬೋಗಿ ಕಾರ್ಖಾನೆಯ ಉಕ್ಕಿನ ಬೋಗಿ ಕಂಡರೆ 1955ರ ನಂತರ. ಹಿಂದೆ ಎಲ್ಲೋ ಡೀಸೆಲ್ ಇಂಜಿನ್ನಿನ ಮೂತಿ ಇಣುಕುತ್ತಿದ್ದರೆ, ಮೀಟರ್ ಗೇಜಿನಲ್ಲಿ, ಬಹುತೇಕ 1960ರ ದಶಕ ಅಥವಾ ಆಮೇಲೆ.

ಮನೆಯ ಕಾಗದಗಳು ಎಲ್ಲಕ್ಕಿಂತ ಬಿಗಿಯಾದ ತುದಿ ಕೊಡುತ್ತವೆ. ವರ್ಗಾವಣೆ ಪತ್ರ, ಪಾಸು, ಪೆನ್ಷನ್ ಪುಸ್ತಕ ಹುಡುಕಿ. ತಾತನಿಗೆ ಬೀರೂರಿನಿಂದ ವರ್ಗವಾದದ್ದು 1958ರಲ್ಲಿ ಎಂದು ಒಂದು ಹಳದಿ ಕಾಗದ ಹೇಳಿತು. ಬೋರ್ಡಿನ ತುದಿಯಲ್ಲಿ ಹಿಂದಿಯೂ ಇತ್ತು, ವ್ಯಾಗನ್ನಿನ ಮೇಲೆ ದಕ್ಷಿಣ ರೈಲ್ವೆಯ ಅಕ್ಷರವೂ ಇತ್ತು. ಅಲ್ಲಿಗೆ 1951ರಿಂದ 1958ರ ನಡುವೆ.

ಬರೆದಿಡುವುದು

ಫೋಟೊದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ. ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ, ಸ್ಕ್ಯಾನ್ ಫೈಲಿನ ಹೆಸರಿನಲ್ಲೂ ಚುಟುಕಾಗಿ ಹಾಕಿ. ಪ್ರತಿ ಮಾತಿಗೂ ಅದು ಹೇಗೆ ಗೊತ್ತಾಯಿತು ಎಂದು ಒಂದು ಸಾಲು ಇರಲಿ. ಖಚಿತವಾದದ್ದು, ಬಹುಶಃ ಎನ್ನುವಂಥದ್ದು ಎರಡನ್ನೂ ಬೇರೆಬೇರೆ ಬರೆಯಿರಿ. ಮುಂದೆ ಯಾರಿಗಾದರೂ ನಂಬರಿನ ಉಳಿದ ಎರಡು ಅಂಕಿ ಓದಲು ಸಿಕ್ಕರೆ ಅವರು ನೀವು ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು.

ನಮ್ಮ ಹಾಳೆಯಲ್ಲಿ ಈಗ ಇರುವುದು ಇಷ್ಟು: 'ತರೀಕೆರೆ ಸ್ಟೇಷನ್, 1951 ಮತ್ತು 1958ರ ನಡುವೆ. ವೈಪಿ ಇಂಜಿನ್, ನಂಬರ್ 23 ರಿಂದ ಶುರು, ಉಳಿದದ್ದು ಓದಲಾಗಿಲ್ಲ. ಊರು ಖಚಿತ: ಬೋರ್ಡಿನ ತುದಿ, 610 ಮಿ.ಮೀ. ಹಳಿ. ಎಡದಿಂದ ಎರಡನೆಯವರು ತಾತ. ಉಳಿದ ನಾಲ್ವರು ಯಾರೆಂದು ಹುಡುಕಬೇಕು.' ಹಿಂದಿನ 'ಬೀರೂರು, 1948' ಹಾಗೆಯೇ ಇದೆ. ಅದು ಅತ್ತೆಯ ಕೈಬರಹ, ಅದನ್ನು ಅಳಿಸಿಲ್ಲ.